ಬ್ರಿಡ್ಜ್ ಬದಲಿಸುವ ಮುಂಚೆ ತಂತಿ ಎಲ್ಲಿ ಸಿಕ್ಕಿಕೊಂಡಿದೆ ನೋಡಿ

ಫೆಂಡರ್ ಕಂಪನಿಯ ಜಾಜ್‌ಮಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್ ರಿಪೇರಿಗೆ ತರುವವರಲ್ಲಿ ಹೆಚ್ಚಿನವರು ಬಾಗಿಲಲ್ಲೇ ತೀರ್ಮಾನ ಹೇಳಿಬಿಡುತ್ತಾರೆ. "ಅಣ್ಣ, ಬ್ರಿಡ್ಜ್ ಸರಿಯಿಲ್ಲ, ಹೊಸದು ತರಿಸಿದ್ದೀನಿ, ಹಾಕಿಕೊಡಿ." ಬ್ರಿಡ್ಜ್ ಎಂದರೆ ಗಿಟಾರ್‌ನ ಒಡಲ ಮೇಲೆ ತಂತಿಗಳನ್ನು ಹೊರುವ ಕುದುರೆ. ಕೈಯಲ್ಲಿ ಡಬ್ಬಿ. ವಿದೇಶದಿಂದ ತರಿಸಿ, ಸುಂಕ ಕಟ್ಟಿ ಬಿಡಿಸಿಕೊಂಡದ್ದು. ತೊಂದರೆ ಏನೆಂದರೆ ವೈಬ್ರಾಟೋ ಬಾರ್ (ತಂತಿಗಳನ್ನು ಸಡಿಲಿಸಿ, ಬಿಗಿಸಿ ಸ್ವರ ಅಲುಗಿಸುವ ಸನ್ನೆ) ಒತ್ತಿ ಬಿಟ್ಟ ಮೇಲೆ ಶ್ರುತಿ ಮೊದಲಿನ ಜಾಗಕ್ಕೆ ವಾಪಸ್ ಬರುವುದಿಲ್ಲ. ಬ್ರಿಡ್ಜ್ ಬದಲಿಸುವುದು ದೊಡ್ಡ ಕೆಲಸವೇನಲ್ಲ, ಕೇಳಿದ ತಕ್ಷಣ ಮಾಡಿಕೊಡಬಹುದು. ಆಮೇಲೂ ಶ್ರುತಿ ನಿಲ್ಲದಿದ್ದರೆ ಅದೇ ಹುಡುಗ ಹೊಸ ಟ್ಯೂನರ್‌ಗಳ (ತಂತಿ ಬಿಗಿಸುವ ಬಿರಡೆಗಳ) ಡಬ್ಬಿ ಹಿಡಿದು ಬರುತ್ತಾನೆ. ಅವನ ದುಡ್ಡು ಹೀಗೆ ಹೋಗುವುದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ಡಬ್ಬಿಯನ್ನು ಪಕ್ಕಕ್ಕಿಡಿಸಿ ಒಂದು ಪ್ರಶ್ನೆ ಕೇಳುತ್ತೇನೆ: ಬಾರ್ ಒತ್ತಿ ಬಿಟ್ಟ ಮೇಲೆ ಶ್ರುತಿ ಏರಿತೋ, ಇಳಿಯಿತೋ?

"ಔಟ್ ಆಗುತ್ತೆ" ಎಂಬುದೇ ಸಾಮಾನ್ಯವಾಗಿ ಸಿಗುವ ಉತ್ತರ. ಯಾವ ಕಡೆಗೆ ಔಟ್ ಆಗುತ್ತದೆ ಎಂದು ಗಮನಿಸಿದವರು ತೀರಾ ಕಡಿಮೆ. ರೋಗ ಎಲ್ಲಿದೆ ಎಂದು ತಿಳಿಸುವುದೇ ಅದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ದಯವಿಟ್ಟು ಹಾರಿಸಿ ಓದಬೇಡಿ.

ತಂತಿ ಒಂದೇ ಆದರೂ ಅದಕ್ಕೆ ಮೂರು ಭಾಗ. ಟ್ಯೂನರ್‌ನಿಂದ ನಟ್‌ವರೆಗೆ (ಗಿಟಾರ್‌ನ ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ಒಂದು, ನಟ್‌ನಿಂದ ಬ್ರಿಡ್ಜ್‌ವರೆಗೆ ನಾವು ನುಡಿಸುವ ಭಾಗ, ಬ್ರಿಡ್ಜ್‌ನಿಂದ ತಂತಿಯ ತುದಿ ಸಿಕ್ಕಿಸಿರುವ ಟೇಲ್‌ಪೀಸ್‌ವರೆಗೆ ಇನ್ನೊಂದು. ಮೂರರಲ್ಲೂ ಎಳೆತ ಸಮನಾಗಿದ್ದರೆ ಶ್ರುತಿ ನಿಲ್ಲುತ್ತದೆ. ಬಾರ್ ಒತ್ತಿದಾಗ ನಡುವಿನ ಭಾಗ ಸಡಿಲವಾಗುತ್ತದೆ. ಆಗ ನಟ್‌ನ ಆಚೆ ಇರುವ ಬಿಗಿಯಾದ ತುಂಡು ಒಂದಿಷ್ಟು ತಂತಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬಾರ್ ಬಿಟ್ಟಾಗ ಅಷ್ಟೂ ತಂತಿ ವಾಪಸ್ ಜಾರಿ ಬರಬೇಕು. ನಟ್‌ನಲ್ಲಿ ತಂತಿ ಕೂರುವ ಕಚ್ಚು ಇಕ್ಕಟ್ಟಾಗಿದ್ದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನುಡಿಸುವ ಭಾಗಕ್ಕೆ ಕೂದಲೆಳೆಯಷ್ಟು ತಂತಿ ಕಡಿಮೆ ಬೀಳುತ್ತದೆ, ಎಳೆತ ಹೆಚ್ಚುತ್ತದೆ, ಶ್ರುತಿ ಏರಿ ನಿಲ್ಲುತ್ತದೆ.

ಬ್ರಿಡ್ಜ್ ಕಡೆಯಲ್ಲಿ ಇದೇ ಆಟ ತಿರುಗುಮುರುಗು. ಬಾರ್ ಒತ್ತಿದಾಗ ಟೇಲ್‌ಪೀಸ್ ಕಡೆಯ ತಂತಿ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪುಟ್ಟ ತುಂಡು) ದಾಟಿ ನುಡಿಸುವ ಭಾಗಕ್ಕೆ ಬರುತ್ತದೆ. ಬಿಟ್ಟಾಗ ಹಿಂದಕ್ಕೆ ಹೋಗಬೇಕು. ಸ್ಯಾಡಲ್‌ನಲ್ಲಿ ಸಿಕ್ಕಿಕೊಂಡರೆ ಈ ಕಡೆ ತಂತಿ ಹೆಚ್ಚಾಗಿ ಉಳಿದು ಶ್ರುತಿ ಇಳಿದು ನಿಲ್ಲುತ್ತದೆ. ಅಂದರೆ ಒತ್ತಿ ಬಿಟ್ಟಾಗ ಏರಿದ್ದರೆ ಮೊದಲು ನಟ್ ನೋಡಿ, ಇಳಿದಿದ್ದರೆ ಬ್ರಿಡ್ಜ್ ನೋಡಿ.

ಇಳಿದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಹೊಸ ತಂತಿ ಇನ್ನೂ ಹಿಗ್ಗುತ್ತಿರಬಹುದು, ಟ್ಯೂನರ್ ಮೇಲಿನ ಸುತ್ತು ಜಾರುತ್ತಿರಬಹುದು. ಬಾರನ್ನು ಮೆಲ್ಲಗೆ ಮೇಲಕ್ಕೆತ್ತಿ ಬಿಡಿ. ಶ್ರುತಿ ಹತ್ತಿರಕ್ಕೆ ಬಂದರೆ ಸ್ಯಾಡಲ್ ಮೇಲೆ ಅನುಮಾನ ಪಡಬಹುದು, ಬರದಿದ್ದರೆ ಸುತ್ತನ್ನೂ ತಂತಿಯನ್ನೂ ನೋಡಬೇಕು. ಏರಿದ್ದರೆ ತಂತಿಯನ್ನು ಒಮ್ಮೆ ಪಕ್ಕಕ್ಕೆ ಬೆಂಡ್ ಮಾಡಿ ಬಿಡಿ. "ಟಿಂಗ್" ಎಂದು ನಟ್‌ನಲ್ಲಿ ಸದ್ದಾಗಿ ಶ್ರುತಿ ಸರಿಹೋದರೆ ಮತ್ತೆ ಹುಡುಕುವುದೇನೂ ಇಲ್ಲ. ಎರಡೂ ಕಡೆ ಒಟ್ಟಿಗೆ ಸಿಕ್ಕಿಕೊಳ್ಳುವ ಗಿಟಾರ್‌ಗಳೂ ಉಂಟು, ಅಲ್ಲಿ ಈ ಪರೀಕ್ಷೆ ಗೊಂದಲದ ಉತ್ತರ ಕೊಡುತ್ತದೆ. ಹಾಗಾದಾಗ ನಾನು ಮೊದಲು ನಟ್ ಸರಿಮಾಡಿಕೊಂಡು ಮತ್ತೆ ಪರೀಕ್ಷಿಸುತ್ತೇನೆ.

ಒಮ್ಮೆ ಒಬ್ಬ ಕಾಲೇಜು ಹುಡುಗ ತಾಯಿಯ ಜೊತೆ ಬಂದಿದ್ದ. ಅವನದೂ ಅದೇ ಡಬ್ಬಿ, ಅದೇ ಮಾತು. ತಾಯಿ ವೀಣೆ ಪಾಠ ಹೇಳುವವರು, ಸುಮ್ಮನೆ ಸ್ಟೂಲ್ ಮೇಲೆ ಕೂತಿದ್ದರು. ನಾನು ಮೂರನೇ ತಂತಿ ಮೀಟಿ, ಬಾರ್ ಒತ್ತಿ ಬಿಟ್ಟು, ಮತ್ತೆ ಮೀಟಿದೆ. ಹುಡುಗ "ನೋಡಿ, ಇಳೀತು" ಅಂದ. ಅಮ್ಮ ತಲೆ ಎತ್ತದೆ, "ಇಳಿದಿಲ್ಲ ಕಣೋ, ಏರಿದೆ. ಸರಿಯಾಗಿ ಕೇಳು" ಅಂದರು. ಶ್ರುತಿ ತೋರಿಸುವ ಮೀಟರ್‌ನ ಮುಳ್ಳು ಅವರ ಮಾತನ್ನೇ ತೋರಿಸುತ್ತಿತ್ತು. ನಟ್‌ನ ಕಚ್ಚನ್ನು ಫೈಲ್‌ನಿಂದ ಒಂದು ಚೂರು ಅಗಲಿಸಿ, ಪೆನ್ಸಿಲ್ ಸೀಸದ ಪುಡಿ ತುಂಬಿದೆ. ಆ ಬ್ರಿಡ್ಜ್ ಡಬ್ಬಿ ತೆರೆಯದೆ ವಾಪಸ್ ಹೋಯಿತು. ಅಂಥ ಕಿವಿ ಮನೆಯಲ್ಲೇ ಇರುವ ಹುಡುಗ ಅದೃಷ್ಟವಂತ ಎಂದು ಅವನಿಗೆ ಹೇಳಿದೆ.

ಇನ್ನು ಜಾಜ್‌ಮಾಸ್ಟರ್ ಬ್ರಿಡ್ಜ್ ವಿಚಾರ. 1958ರಲ್ಲಿ ಲಿಯೋ ಫೆಂಡರ್ ಈ ಗಿಟಾರ್ ತಂದಾಗ ಬ್ರಿಡ್ಜನ್ನು ಬೇಕೆಂದೇ ಅಲುಗಾಡುವಂತೆ ಮಾಡಿದ. ಎರಡು ಕಾಲುಗಳು ತಮಗಿಂತ ಅಗಲವಾದ ಲೋಹದ ಬಟ್ಟಲುಗಳಲ್ಲಿ ಚೂಪು ತುದಿಯ ಮೇಲೆ ನಿಂತಿರುತ್ತವೆ. ಬಾರ್ ಒತ್ತಿದರೆ ತಂತಿಗಳ ಜೊತೆಗೇ ಬ್ರಿಡ್ಜ್ ಗಿಟಾರ್‌ನ ಕತ್ತಿನ (ನೆಕ್) ಕಡೆಗೆ ವಾಲುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಸ್ಯಾಡಲ್ ಮೇಲೆ ತಂತಿ ಜಾರುವ ಪ್ರಮೇಯವೇ ಕಡಿಮೆ. ಫೆಂಡರ್‌ನದೇ 1962ರ ಜಾಗ್ವಾರ್ ಗಿಟಾರ್‌ನಲ್ಲೂ ಇದೇ ಏರ್ಪಾಡು. ಇದನ್ನು ಅರಿಯದೆ "ಬ್ರಿಡ್ಜ್ ಅಲುಗಾಡುತ್ತೆ" ಎಂದು ಕಾಲಿಗೆ ಟೇಪ್ ಸುತ್ತಿ ಬಿಗಿದುಕೊಂಡು ಬರುವವರಿದ್ದಾರೆ. ವಾಲದಂತೆ ಕಟ್ಟಿಹಾಕಿದರೆ ತಂತಿ ಆ ಒರಟು ಸ್ಯಾಡಲ್ ಮೇಲೆಯೇ ಜಾರಬೇಕಾಗುತ್ತದೆ, ಇಲ್ಲದ ರೋಗ ಹುಟ್ಟುತ್ತದೆ. ಈಗಿನ ಕೆಲವು ಬ್ರಿಡ್ಜ್‌ಗಳು ಅಲುಗಾಡದಂತೆಯೇ ತಯಾರಾಗಿವೆ, ನಿಜ. ಆದರೆ ಅವುಗಳ ಸ್ಯಾಡಲ್ ನುಣುಪಾಗಿ, ತಂತಿ ಜಾರಲೆಂದೇ ಮಾಡಿದ್ದು.

ಹಳೆಯ ಮಾದರಿಗೆ ದೋಷವೇ ಇಲ್ಲ ಎಂದಲ್ಲ. ಅದರ ಸ್ಯಾಡಲ್ ಉದ್ದಕ್ಕೂ ಸ್ಕ್ರೂವಿನ ಸುತ್ತುಗೆರೆಯ ಹಾಗೆ ಗೀರಿದ ಸಣ್ಣ ಕಂದಕಗಳು. ಜೋರಾಗಿ ಸ್ಟ್ರಮ್ ಮಾಡಿದರೆ ತಂತಿ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಎತ್ತರ ಹೊಂದಿಸುವ ಪುಟ್ಟ ಸ್ಕ್ರೂಗಳು ನಡುಕಕ್ಕೆ ತಾವೇ ಕೆಳಗಿಳಿದು ಝರ್ ಎನ್ನುತ್ತವೆ. ಸ್ಕ್ರೂಗೆ ಒಂದು ಹನಿ ಉಗುರು ಬಣ್ಣ ಸಾಕು. ಆದರೆ ತಂತಿ ಹಾರುವುದಕ್ಕೆ ನಿಜವಾದ ಕಾರಣ ಸ್ಯಾಡಲ್ ಮೇಲೆ ಸಾಕಷ್ಟು ಭಾರ ಬೀಳದಿರುವುದು. ಲೆಕ್ಕ ಹೀಗಿದೆ: 25.5 ಇಂಚಿನ ಸ್ಕೇಲ್‌ನಲ್ಲಿ (ನಟ್‌ನಿಂದ ಬ್ರಿಡ್ಜ್‌ವರೆಗಿನ ಅಳತೆ) .010 ಇಂಚು ದಪ್ಪದ ಮೊದಲ ತಂತಿಯ ಎಳೆತ ಸುಮಾರು 7.3 ಕಿಲೋ. ಬ್ರಿಡ್ಜ್ ದಾಟಿದ ಮೇಲೆ ಅದು 4 ಡಿಗ್ರಿ ಬಾಗಿದರೆ ಸ್ಯಾಡಲ್ ಮೇಲೆ ಬೀಳುವ ಒತ್ತಡ ಅರ್ಧ ಕಿಲೋ, 6 ಡಿಗ್ರಿ ಬಾಗಿದರೆ ಮುಕ್ಕಾಲು ಕಿಲೋ. ಆ ಕಾಲದ ವಾದಕರು ಬಳಸುತ್ತಿದ್ದ .012 ತಂತಿಗೆ ಎಳೆತವೇ 10 ಕಿಲೋ ದಾಟುತ್ತಿದ್ದರಿಂದ 4 ಡಿಗ್ರಿಯಲ್ಲೇ ಮುಕ್ಕಾಲು ಕಿಲೋ ಸಿಗುತ್ತಿತ್ತು. ಗಿಟಾರ್ ಬದಲಾಗಿಲ್ಲ, ನಾವು ಹಾಕುವ ತಂತಿ ತೆಳುವಾಗಿದೆ.

ಇದಕ್ಕೆ ಮದ್ದು ನೆಕ್‌ನ ಬುಡದಲ್ಲಿದೆ. ನೆಕ್ ಕೂರುವ ಗುಂಡಿಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಮರದ ಚಕ್ಕೆಯನ್ನು, ದಪ್ಪ ತುದಿ ಬ್ರಿಡ್ಜ್ ಕಡೆಗೆ ಬರುವಂತೆ ಇಡುವುದು. ಒಂದು ಡಿಗ್ರಿಗೆ ಆ ತುದಿ ಸುಮಾರು 1.3 ಮಿಲಿಮೀಟರ್ ದಪ್ಪ ಬೇಕು. ಅಷ್ಟಕ್ಕೇ ಬ್ರಿಡ್ಜನ್ನು 4 ಮಿಲಿಮೀಟರ್‌ಗೂ ಹೆಚ್ಚು ಎತ್ತರಿಸಬೇಕಾಗುತ್ತದೆ, ಹಿಂದಿನ ಬಾಗು ಹೆಚ್ಚುತ್ತದೆ, ತಂತಿ ಗಟ್ಟಿಯಾಗಿ ಕೂರುತ್ತದೆ. ಎಲ್ಲ ಗಿಟಾರ್‌ಗೂ ಒಂದು ಡಿಗ್ರಿ ಬೇಕಿಲ್ಲ, ಅಳೆದು ನೋಡದೆ ಹೇಳಲಾಗದು. ನೆಕ್ ಕೆಳಗೆ ಚಕ್ಕೆ ಎಂದರೆ ಕೆಲವರು ಮುಖ ಸಣ್ಣ ಮಾಡುತ್ತಾರೆ, ತಮ್ಮ ಗಿಟಾರ್‌ಗೆ ಏನೋ ಊನ ಎಂಬಂತೆ. ಫೆಂಡರ್ ಕಾರ್ಖಾನೆಯಲ್ಲೇ ಹೀಗೆ ಚಕ್ಕೆ ಇಟ್ಟು ಕಳಿಸಿದ ಹಳೆಯ ಗಿಟಾರ್‌ಗಳಿವೆ.

ಇಷ್ಟಾದ ಮೇಲೂ ತಂತಿ ಹಾರಿದರೆ, ಆಗ ಬ್ರಿಡ್ಜ್ ಬದಲಿಸಿ, ನಾನೇ ಹಾಕಿಕೊಡುತ್ತೇನೆ. ಪ್ರತಿ ಸ್ಯಾಡಲ್‌ಗೂ ಒಂದೇ ಆಳವಾದ ಕಚ್ಚು ಇರುವ, ಫೆಂಡರ್‌ನ ಮಸ್ಟಾಂಗ್ ಗಿಟಾರ್‌ನ ಬ್ರಿಡ್ಜ್ ಮಾದರಿ ಅದೇ ಬಟ್ಟಲುಗಳಲ್ಲಿ ಕೂರುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಅಮೆರಿಕದ ಮಾಸ್ಟರಿ, ಇಂಗ್ಲೆಂಡಿನ ಸ್ಟೇಟ್ರೆಮ್ ಕಂಪನಿಗಳ ಬ್ರಿಡ್ಜ್‌ಗಳು ಒಳ್ಳೆಯ ಕೆಲಸಗಾರಿಕೆಯವು. ಕೊಳ್ಳುವ ಮುಂಚೆ ಫ್ರೆಟ್‌ಬೋರ್ಡ್‌ನ (ಬೆರಳೊತ್ತುವ ಹಲಗೆಯ) ದುಂಡು, ಅಂದರೆ ಅದರ ಬಾಗಿನ ತ್ರಿಜ್ಯ, ಅಳೆಯಿಸಿಕೊಳ್ಳಿ. ಹಳೆಯ ಮಾದರಿಗೆ 7.25 ಇಂಚು, ಈಗಿನ ಹಲವಕ್ಕೆ 9.5. ಎತ್ತರ ಹೊಂದಿಸಲಾಗದ ಸ್ಯಾಡಲ್ ಇದಕ್ಕೆ ಹೊಂದದಿದ್ದರೆ ನಡುವಿನ ತಂತಿಗಳಿಗೂ ಅಂಚಿನವಕ್ಕೂ ಎತ್ತರ ಸರಿಬರುವುದಿಲ್ಲ.

ಬಿಗ್ಸ್‌ಬಿ ಎಂಬ ಇನ್ನೊಂದು ಬಗೆಯ ವೈಬ್ರಾಟೋ ಇರುವ ಗಿಟಾರ್‌ನವರಿಗೆ ಬೇರೆ ಮಾತು. ಅದರಲ್ಲೂ ಬಿ5, ಬಿ7 ಮಾದರಿಯಲ್ಲಿ ಮುಂದಿನ ರೋಲರ್ ಕೆಳಗೆ ಹಾದುಬರುವ ತಂತಿ ಬ್ರಿಡ್ಜ್ ಮೇಲೆ ಕಡಿದಾಗಿ ಬಾಗುತ್ತದೆ. ಅಲ್ಲಿ ಶ್ರುತಿ ಇಳಿದು ನಿಂತರೆ ಬ್ರಿಡ್ಜ್ ಮೇಲಿನ ಅನುಮಾನ ಬಹುಮಟ್ಟಿಗೆ ಸರಿ, ರೋಲರ್ ಬ್ರಿಡ್ಜ್ ಸಹಾಯ ಮಾಡಬಹುದು. ಫೆಂಡರ್‌ನದೇ ಸ್ಟ್ರಾಟೊಕಾಸ್ಟರ್ ಗಿಟಾರ್‌ನಲ್ಲಿ ಬ್ರಿಡ್ಜೂ ವೈಬ್ರಾಟೋನೂ ಒಂದೇ, ಸ್ಯಾಡಲ್ ತಂತಿಯ ಜೊತೆಗೇ ಚಲಿಸುತ್ತದೆ. ಅಲ್ಲಿ ನಟ್ ಆದ ಮೇಲೆ ಬ್ರಿಡ್ಜ್ ತಿರುಗುವ ಅಂಚು ಸವೆದಿದೆಯೇ ನೋಡಬೇಕು.

ಗಿಟಾರ್ ತರುವಾಗ ನೀವು ದಿನವೂ ನುಡಿಸುವ ತಂತಿಗಳನ್ನೇ ಹಾಕಿಕೊಂಡು ತನ್ನಿ. ಬಿಚ್ಚಿ ತಂದರೆ ಏರಿತೋ ಇಳಿಯಿತೋ ಎಂದು ನೋಡಲು ನನಗೆ ಏನೂ ಉಳಿಯುವುದಿಲ್ಲ. ಹೊಸ ಬ್ರಿಡ್ಜ್ ಆಗಲೇ ಕೊಂಡಿದ್ದರೆ ಬಿಲ್ ಜೋಪಾನ, ಪರೀಕ್ಷೆ ಮುಗಿಯುವವರೆಗೆ ಡಬ್ಬಿಯ ಸೀಲ್ ಒಡೆಯಬೇಡಿ.