ತಿರುಗುವ ಎಲ್‌ಇಡಿ ಪರದೆಯ ಗೇಮ್ ಕನ್ಸೋಲ್: ಮೊದಲು ಸಮಯದ ಲೆಕ್ಕ

ಅರ್ಜೆಂಟೀನಾದ ಹವ್ಯಾಸಿಗಳು ಹಳೆಯ ಫ್ಯಾನಿಗೆ ಎಲ್‌ಇಡಿ ಪಟ್ಟಿ ಕೂರಿಸಿ ‘ವೆಂಟಿಲಾಸ್ಟೇಷನ್’ ಎಂಬ ಮುಕ್ತ ಆಕರದ ಗೇಮ್ ಕನ್ಸೋಲ್ ಕಟ್ಟಿದ್ದಾರೆ. ಅದರ ಆಟಗಳು ಮೈಕ್ರೋಪೈಥಾನ್‌ನಲ್ಲಿ, ಅಂದರೆ ಪುಟ್ಟ ಚಿಪ್‌ಗಳಿಗೆಂದು ಮಾಡಿದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ. ಇಂಥದ್ದಕ್ಕೆ ಕೈಹಾಕುವವರು ಮೋಟಾರು ಕೊಳ್ಳುವ ಮೊದಲು ಕಾಗದ, ಪೆನ್ನು ಹಿಡಿಯಬೇಕು.

ಕತ್ತಲಲ್ಲಿ ಊದುಬತ್ತಿ ಸುತ್ತಿಸಿದರೆ ಕೆಂಪು ಬಳೆ ಕಾಣುತ್ತದಲ್ಲವೇ? ತತ್ವ ಅಷ್ಟೇ: ವೇಗವಾಗಿ ತಿರುಗುವ ದೀಪಗಳ ಸಾಲು ಕಣ್ಣಿಗೆ ಇಡೀ ಚಿತ್ರವಾಗಿ ಕಾಣುತ್ತದೆ. 1982ರ ಎಂಟೆಕ್ಸ್ ಅಡ್ವೆಂಚರ್ ವಿಷನ್ ಎಂಬ ಗೇಮ್ ಕನ್ಸೋಲ್ ಕೂಡ ಒಂದೇ ಸಾಲಿನ 40 ಎಲ್‌ಇಡಿಗಳನ್ನು ತಿರುಗುವ ಕನ್ನಡಿಯ ಮೂಲಕ ತೋರಿಸಿ 150×40 ಚುಕ್ಕಿಗಳ ಚಿತ್ರ ಮೂಡಿಸುತ್ತಿತ್ತು.

ಈಗ ಲೆಕ್ಕ. ನಿಮಿಷಕ್ಕೆ 1200 ಸುತ್ತು ಎಂದರೆ ಸೆಕೆಂಡಿಗೆ 20, ಒಂದು ಸುತ್ತಿಗೆ 50 ಮಿಲಿಸೆಕೆಂಡ್. ವೃತ್ತವನ್ನು 180 ಗೆರೆಗಳಾಗಿ ಹಂಚಿದರೆ ಒಂದು ಗೆರೆಗೆ ಸಿಗುವುದು ಸುಮಾರು 278 ಮೈಕ್ರೋಸೆಕೆಂಡ್. ಅಷ್ಟರೊಳಗೆ ಪಟ್ಟಿಯ ಎಲ್ಲ ದೀಪಗಳಿಗೂ ಹೊಸ ಬಣ್ಣ ತಲುಪಬೇಕು. ಅಗ್ಗವಾಗಿ ಸಿಗುವ ಡಬ್ಲ್ಯೂಎಸ್2812 ಎಂಬ ಬಗೆಯ ಎಲ್‌ಇಡಿ ಇಲ್ಲಿ ಸೋಲುತ್ತದೆ: ಒಂದು ದೀಪಕ್ಕೆ 24 ಬಿಟ್, ಪ್ರತಿ ಬಿಟ್‌ಗೆ 1.25 ಮೈಕ್ರೋಸೆಕೆಂಡ್; 32 ದೀಪಗಳಿಗೆ 960. ಮೂರು ಗೆರೆ ದಾಟಿದ ಮೇಲೆ ಬಣ್ಣ ಬಂದರೆ ಏನು ಪ್ರಯೋಜನ? ಬಿಟ್‌ಗಳಿಗೆ ತಾಳ ಹಾಕುವ ಪ್ರತ್ಯೇಕ ಕ್ಲಾಕ್ ತಂತಿ ಇರುವ ಎಪಿಎ102 ಬಗೆಯ ಎಲ್‌ಇಡಿಗೆ 8 ಮೆಗಾಹರ್ಟ್ಸ್‌ನಲ್ಲಿ ಕಳಿಸಿದರೆ ಅದೇ 32 ದೀಪಗಳು 136 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತವೆ. ಬೆಲೆ ಹೆಚ್ಚು, ಆದರೆ ಇಲ್ಲಿ ಜಿಪುಣತನ ಸಲ್ಲದು. ಸೆಕೆಂಡಿಗೆ 20 ಸುತ್ತಿನಲ್ಲಿ ಚಿತ್ರ ಮಿನುಗುತ್ತದೆ. ಎದುರು ಬದಿಗೆ ಇನ್ನೊಂದು ಪಟ್ಟಿ ಹಾಕಿದರೆ ವೇಗ ಹೆಚ್ಚಿಸದೆಯೇ ಸೆಕೆಂಡಿಗೆ ಮೂಡುವ ಚಿತ್ರ 40 ಆಗುತ್ತದೆ.

ಚಿತ್ರ ಜಾರದಿರಲು ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಒಂದು ಹಾಲ್ ಸಂವೇದಕ, ಒಂದು ಪುಟ್ಟ ಅಯಸ್ಕಾಂತ ಸಾಕು. ಪ್ರತಿ ಸುತ್ತಿನ ಅವಧಿಯನ್ನು ಅಳೆದು 180ರಿಂದ ಭಾಗಿಸಿ, ಮುಂದಿನ ಸುತ್ತಿನ ಟೈಮರಿಗೆ ಕೊಡಿ. ಮೋಟಾರಿನ ವೇಗ ತುಸು ಏರುಪೇರಾದರೂ ಚಿತ್ರ ತನ್ನ ಜಾಗದಲ್ಲೇ ನಿಲ್ಲುತ್ತದೆ.

ನನಗೆ ಅತ್ಯಂತ ಪ್ರಿಯವಾದ ಭಾಗ ಈ ಪರದೆಯ ಆಕಾರ. ಹತ್ತು ಸೆಂಟಿಮೀಟರ್ ತ್ರಿಜ್ಯದಲ್ಲಿ ಗೆರೆಗಳ ನಡುವೆ 3.5 ಮಿಲಿಮೀಟರ್ ಅಂತರ. ಒಂದು ಸೆಂಟಿಮೀಟರ್ ತ್ರಿಜ್ಯದಲ್ಲಿ 0.35 ಮಾತ್ರ. ಚೌಕಾಕಾರದ ಆಟವನ್ನು ಇದಕ್ಕೆ ಹಿಗ್ಗಿಸಿ ಕೂರಿಸುವುದಕ್ಕಿಂತ ಕೋನ ಮತ್ತು ದೂರದಲ್ಲೇ ಯೋಚಿಸಿ. ವೆಂಟಿಲಾಸ್ಟೇಷನ್‌ನ ‘ವೈರಸ್’ ಆಟ 1983ರ ‘ಗೈರಸ್’ನ ಜಾಡು ಹಿಡಿದದ್ದು ಇದಕ್ಕೇ: ಹಡಗು ಅಂಚಿನಲ್ಲಿ ಸುತ್ತುತ್ತದೆ, ಶತ್ರುಗಳು ನಡುವಿನಿಂದ ಹೊರಬರುತ್ತಾರೆ. ನಡುವೆ ಒತ್ತೊತ್ತಾಗಿ ಬಿದ್ದ ಚುಕ್ಕಿಗಳು ತಾವಾಗಿಯೇ ಆಳದ ಭ್ರಮೆ ಹುಟ್ಟಿಸುತ್ತವೆ.

ಕೊನೆಯದು ಸಮತೋಲನ. ಈ ವೇಗದಲ್ಲಿ, ಹತ್ತು ಸೆಂಟಿಮೀಟರ್ ದೂರದಲ್ಲಿರುವ ಒಂದು ಗ್ರಾಂ ಹೊರಕ್ಕೆ ಎಳೆಯುವ ಬಲ 160 ಗ್ರಾಂ ತೂಕಕ್ಕೆ ಸಮ. ಹತ್ತು ಗ್ರಾಂ ಬ್ಯಾಟರಿ ಒಂದೇ ಬದಿಗಿದ್ದರೆ ಅದು ಒಂದೂವರೆ ಕಿಲೋ ಮೀರುತ್ತದೆ, ಬೇರಿಂಗ್ ಬಾಳುವುದಿಲ್ಲ. ಬ್ಯಾಟರಿಯನ್ನು ಅಕ್ಷದ ಮೇಲೆಯೇ ಇಡಿ, ಬೆಸುಗೆಯನ್ನು ಮಾತ್ರ ನಂಬದೆ ಪ್ರತಿ ಭಾಗವನ್ನೂ ಸ್ಕ್ರೂ ಹಾಕಿ ಬಿಗಿಯಿರಿ, ಫ್ಯಾನಿನ ಜಾಲರಿಯನ್ನು ಕಳಚಬೇಡಿ.