ಹಾರುವ ರಣಹದ್ದು ಫೋಟೋದಲ್ಲಿ ಬರೀ ಕಪ್ಪಾಗಿ ಬರುವುದೇಕೆ?

ಓದುಗರ ಪ್ರಶ್ನೆ: 400 ಎಂಎಂ ಲೆನ್ಸ್ ಇದೆ, ಫೋಕಸ್ಸೂ ಸರಿಯಾಗಿ ಕೂತಿರುತ್ತದೆ. ಆದರೂ ಆಕಾಶದಲ್ಲಿ ಸುತ್ತುವ ರಣಹದ್ದು ಕಪ್ಪು ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಬರುತ್ತದೆ. ಒಂದು ಗರಿಯೂ ಬಿಡಿಯಾಗಿ ಕಾಣುವುದಿಲ್ಲ. ಇನ್ನೂ ದೊಡ್ಡ ಲೆನ್ಸ್ ಬೇಕೆ?

ಬೇಡ. ತೊಂದರೆ ಇರುವುದು ಕ್ಯಾಮೆರಾ ಬೆಳಕನ್ನು ಅಳೆಯುವ ರೀತಿಯಲ್ಲಿ. ಫ್ರೇಮಿನ ತುಂಬ ಬೆಳ್ಳಗಿನ ಆಕಾಶವೇ ಇದ್ದಾಗ ಮೀಟರ್ ಅದನ್ನು ನಡುಬೂದು ಬಣ್ಣಕ್ಕೆ ಇಳಿಸಿಬಿಡುತ್ತದೆ. ರಣಹದ್ದಿನ ಮೈ ಮೊದಲೇ ಕಂದು, ಸಾಲದ್ದಕ್ಕೆ ನಮಗೆ ಕಾಣುವುದು ನೆರಳಲ್ಲಿರುವ ಹೊಟ್ಟೆ ಮತ್ತು ರೆಕ್ಕೆಯ ಅಡಿಭಾಗ. ಅದು ಕಪ್ಪಾಗದೆ ಇನ್ನೇನಾದೀತು?

ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು (ಮೀಟರ್ ಹೇಳಿದ್ದಕ್ಕಿಂತ ಚಿತ್ರವನ್ನು ಬೆಳಗಿಸುವ ಸೆಟ್ಟಿಂಗು) +1 ರಿಂದ +2ರವರೆಗೆ ಏರಿಸುವುದು ಎಲ್ಲರೂ ಹೇಳುವ ಮದ್ದು. ಆಕಾಶ ಮಾತ್ರ ಹಿನ್ನೆಲೆಯಾಗಿರುವವರೆಗೆ ಅದು ಸಾಕು. ಹಕ್ಕಿ ಜಾರಿಕೊಂಡು ಬಂಡೆಯ ಮುಂದೆ ಬಂತೆನ್ನಿ, ಮೀಟರ್ ಈಗ ಕಪ್ಪು ಬಂಡೆಯನ್ನು ನೋಡಿ ಬೆಳಕು ಏರಿಸುತ್ತದೆ, ಅದರ ಮೇಲೆ ನಿಮ್ಮ +2 ಬೇರೆ. ಹಕ್ಕಿ ಸುಣ್ಣ ಬಳಿದಂತಾಗುತ್ತದೆ. ಅದಕ್ಕೇ ಪೂರ್ತಿ ಮ್ಯಾನ್ಯುವಲ್ ಮೋಡ್ ಒಳ್ಳೆಯದು, ಆಟೋ ಐಎಸ್‌ಒ (ಬೆಳಕಿಗೆ ತಕ್ಕಂತೆ ಕ್ಯಾಮೆರಾವೇ ತನ್ನ ಸಂವೇದನೆ ಬದಲಿಸುವುದು) ಕೂಡ ಬೇಡ. ಶಟರ್ 1/1600 ಸೆಕೆಂಡ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/6.3 ಇಟ್ಟುಕೊಳ್ಳಿ. ಹಕ್ಕಿಯ ಮೇಲೆ ಬೀಳುವಂಥದೇ ಬಿಸಿಲಿನಲ್ಲಿರುವ ಹಸಿರು ಹುಲ್ಲಿನ ಕಡೆ ಕ್ಯಾಮೆರಾ ತಿರುಗಿಸಿ, ಮೀಟರಿನ ಮುಳ್ಳು ಸೊನ್ನೆಗೆ ಬರುವಷ್ಟು ಐಎಸ್‌ಒ ಹೊಂದಿಸಿ. ರೆಕ್ಕೆಯಡಿಯ ನೆರಳಿಗಾಗಿ ಐಎಸ್‌ಒ ಇನ್ನೊಂದು ಸ್ಟಾಪ್ (ಅಂದರೆ ದುಪ್ಪಟ್ಟು) ಏರಿಸಿ. ಮೊದಲ ಚಿತ್ರವನ್ನು ದೊಡ್ಡದು ಮಾಡಿ ಹಕ್ಕಿಯನ್ನಷ್ಟೇ ನೋಡಿ. ಆಕಾಶ ಬೆಳ್ಳಗಾದರೆ ಚಿಂತೆಯಿಲ್ಲ. ಬಿಸಿಲು ಬದಲಾದಾಗ ಮತ್ತೆ ಹುಲ್ಲಿನತ್ತ ತಿರುಗಿ.

ಬಿಳಿ ರಣಹದ್ದಿಗೆ ಈ ಲೆಕ್ಕ ನಡೆಯದು. ಅದರ ಮೈ ಬಿಳಿ, ಹಾರುಗರಿಗಳು ಕಪ್ಪು. ಹೆಚ್ಚುವರಿ ಸ್ಟಾಪ್ ಕೊಟ್ಟರೆ ಬಿಳಿ ಗರಿಗಳ ಗೆರೆಗಳೆಲ್ಲ ಅಳಿಸಿಹೋಗುತ್ತವೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ವಾಪಸ್ ಬರುವುದಿಲ್ಲ.

ಆದರೆ ನಮ್ಮ ಮಟ್ಟಿಗೆ ಸೆಟ್ಟಿಂಗಿಗಿಂತ ಹೊತ್ತು ಮುಖ್ಯ. ನೆತ್ತಿಯ ಸೂರ್ಯ ರೆಕ್ಕೆಯಡಿಗೆ ಬೆಳಕು ಕೊಡುವುದಿಲ್ಲ, ಜೊತೆಗೆ ನೆಲದಿಂದೇಳುವ ಬಿಸಿಗಾಳಿ ಚಿತ್ರವನ್ನು ಕಲಕುತ್ತದೆ. ರಣಹದ್ದು ನಸುಕಿನಲ್ಲೇ ಏಳುವ ಹಕ್ಕಿಯಲ್ಲ. ನೆಲ ಕಾದು ಗಾಳಿ ಮೇಲೇರತೊಡಗಿದ ಮೇಲೆ ಬಂಡೆ ಬಿಟ್ಟು ಹಾರುತ್ತದೆ. ಆ ಮೊದಲ ಸುತ್ತುಗಳೇ ನಿಮ್ಮ ಹೊತ್ತು: ಹಕ್ಕಿ ಇನ್ನೂ ಕೆಳಗಿರುತ್ತದೆ, ಬಿಸಿಲು ಓರೆಯಾಗಿರುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು ಕಾಯಿರಿ. ಸುತ್ತು ಹೊಡೆಯುವಾಗ ಹಕ್ಕಿ ಒಂದು ಮಗ್ಗುಲಿಗೆ ವಾಲುತ್ತದೆ. ಆ ಕ್ಷಣ ರೆಕ್ಕೆಯಡಿ ಪೂರ್ತಿ ಬೆಳಗುತ್ತದೆ. ಬಿಳಿಬೆನ್ನಿನ ರಣಹದ್ದಾದರೆ ರೆಕ್ಕೆಯ ಮುಂಭಾಗದ ಬಿಳಿ ಪಟ್ಟಿ, ಹಿಂದಿನ ಕಪ್ಪು ಗರಿಗಳು, ಉದುರಿದ ಗರಿಯ ಸಂದು, ಹೊಟ್ಟೆ ತುಂಬ ತಿಂದಿದ್ದರೆ ಕುತ್ತಿಗೆಯ ಬುಡದಲ್ಲಿ ಉಬ್ಬಿದ ಚೀಲ, ಎಲ್ಲ ಕಾಣುತ್ತವೆ.

ಹಕ್ಕಿಯ ಮಟ್ಟಕ್ಕೆ ಬರಬೇಕೆಂದು ಗೂಡಿರುವ ಬಂಡೆ ಹತ್ತಬೇಡಿ, ಡ್ರೋನ್ ಹಾರಿಸಲೇಬೇಡಿ. ಬಹುಪಾಲು ರಣಹದ್ದುಗಳು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಸಿಗುತ್ತದೆ. ಕೂತ ಹಕ್ಕಿ ಕತ್ತು ನೀಡಿ ನಿಮ್ಮನ್ನೇ ದಿಟ್ಟಿಸಿದರೆ ಅಷ್ಟರಲ್ಲೇ ಹಿಂದೆ ಸರಿಯಿರಿ. ಸತ್ತ ಪ್ರಾಣಿಯ ಸುತ್ತ ಸೇರಿರುವವಂತೂ ಭಾರವಾಗಿರುತ್ತವೆ. ಬೆನ್ನಟ್ಟಿದರೆ ತಿಂದದ್ದನ್ನೆಲ್ಲ ಕಕ್ಕಿ ಹಾರಬೇಕಾಗುತ್ತದೆ.

ಈಗಾಗಲೇ ಕಪ್ಪಾಗಿ ಬಂದಿರುವ ಚಿತ್ರಗಳನ್ನು ಅಳಿಸಬೇಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಇದ್ದರೆ ನೆರಳಿನ ಭಾಗವನ್ನು ಒಂದೂವರೆ ಸ್ಟಾಪಿನಷ್ಟು ಎತ್ತಬಹುದು. ಚುಕ್ಕಿ ಚುಕ್ಕಿಯಾಗಿ ಚಿತ್ರ ಚೆಂದ ಕಾಣದಿರಬಹುದು. ಆದರೆ ರೆಕ್ಕೆಗೆ ಟ್ಯಾಗ್ ಹಾಕಿದ ಹಕ್ಕಿಯಾಗಿದ್ದರೆ ಅದರ ಸಂಖ್ಯೆ ಓದಲು ಬರಬಹುದು. ಆ ಸಂಖ್ಯೆ, ತಾರೀಕು, ಜಾಗ ಮೂರನ್ನೂ ಟ್ಯಾಗ್ ಹಾಕಿದ ತಂಡಕ್ಕೆ ತಲುಪಿಸಿ.