ಕೋಚ್ ಮೇಲೆ ನಂಬಿಕೆ ಇದ್ದರೂ ನಿಯಮ ಬೇಕಾ?

ಪ್ರಶ್ನೆ: ನನ್ನ 12 ವರ್ಷದ ಮಗಳೊಬ್ಬಳಿಗೇ ಬೇರೆಯಾಗಿ ತರಬೇತಿ ಕೊಡುತ್ತೇನೆ ಅಂತಿದ್ದಾರೆ ಅವಳ ಕೋಚ್. ನಮಗೆ ತುಂಬಾ ಬೇಕಾದವರು. ನಾನೂ ಬಂದು ಕೂರುತ್ತೇನೆ ಅಂದರೆ ಅನುಮಾನಪಟ್ಟ ಹಾಗಾಗುವುದಿಲ್ಲವೇ?

ಇಲ್ಲ, ಧೈರ್ಯವಾಗಿ ಕೇಳಿ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಒಳ್ಳೆಯ ಕೋಚ್‌ಗೂ ಅದರಿಂದ ರಕ್ಷಣೆಯೇ.

'ಬೇಕಾದವರು' ಅಂದಿರಲ್ಲ, ಅಲ್ಲೇ ಜಾಸ್ತಿ ಎಚ್ಚರ ಬೇಕು. ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಡುವವರು ಹೆಚ್ಚಾಗಿ ಪರಿಚಯದವರೇ. ಎಷ್ಟೋ ಸಲ ಮೊದಲು ಗಳಿಸುವುದು ಅಪ್ಪ ಅಮ್ಮನ ನಂಬಿಕೆಯನ್ನು. ಆಮೇಲೆ ಉಡುಗೊರೆ, ರಾತ್ರಿ ಹೊತ್ತಿನ ಮೆಸೇಜ್, 'ಇದು ನಮ್ಮಿಬ್ಬರಲ್ಲೇ ಇರಲಿ' ಅನ್ನುವ ಗುಟ್ಟು.

ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಆಗಿದ್ದ ಲ್ಯಾರಿ ನಾಸರ್, ಚಿಕಿತ್ಸೆಯ ಹೆಸರಿನಲ್ಲಿ ನೂರಾರು ಹುಡುಗಿಯರ ಮೇಲೆ ದೌರ್ಜನ್ಯ ಮಾಡಿದ. ಕೆಲವು ಸಲ ತಾಯಿ ಅದೇ ಕೋಣೆಯಲ್ಲಿದ್ದಾಗಲೇ, ಅವರಿಗೆ ಕಾಣದಂತೆ ಅಡ್ಡ ನಿಂತು! 1990ರ ದಶಕದಲ್ಲೇ ದೊಡ್ಡವರಿಗೆ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ನೊಂದವರು ಆಮೇಲೆ ಹೇಳಿದರು. ವಿಷಯ ಪತ್ರಿಕೆಯಲ್ಲಿ ಬಂದದ್ದು 2016ರಲ್ಲಿ. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಮಂದಿ ಕೋರ್ಟಿನಲ್ಲಿ ಮಾತಾಡಿದ ಮೇಲೆ ಅವನಿಗೆ 40ರಿಂದ 175 ವರ್ಷಗಳ ಜೈಲು ಶಿಕ್ಷೆಯಾಯಿತು.

ಅಂದರೆ ಸುಮ್ನೆ ಪಕ್ಕದಲ್ಲಿ ಕೂತರೆ ಸಾಲದು. ತರಬೇತಿ ನಾಲ್ಕು ಜನಕ್ಕೆ ಕಾಣುವ, ಯಾರು ಬೇಕಾದರೂ ನಡುವೆ ಬರಬಹುದಾದ ಜಾಗದಲ್ಲಿ ನಡೆಯಲಿ. ಮೆಸೇಜ್ ನಿಮಗೂ ಬರಲಿ. ಪಂದ್ಯಕ್ಕೆ ಹೋದಾಗ ಕೋಚ್ ಮತ್ತು ಮಗು ಒಂದೇ ಕೋಣೆಯಲ್ಲಿ ಮಲಗುವುದು ಬೇಡವೇ ಬೇಡ. ಮೈ ಮುಟ್ಟಿ ತಿದ್ದಬೇಕಾದರೆ, ನೋವಿಗೆ ಚಿಕಿತ್ಸೆ ಕೊಡಬೇಕಾದರೆ, ಎಲ್ಲಿ, ಯಾಕೆ ಅಂತ ಮೊದಲೇ ಹೇಳಿ ಮಗುವನ್ನು ಕೇಳಬೇಕು. 'ಬೇಡ' ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಈ ಮಾತು ಗಂಡು ಮಕ್ಕಳಿಗೂ ಅಷ್ಟೇ ಅನ್ವಯಿಸುತ್ತದೆ. ಅವರ ವಿಷಯ ನಾವು ಬೇಗ ಮರೆಯುತ್ತೇವೆ, ಅಲ್ವಾ?

ಮಕ್ಕಳು ಬಾಯಿ ಬಿಡದಿರಲು ಒಂದು ದೊಡ್ಡ ಕಾರಣ, ತಂಡದಲ್ಲಿ ಜಾಗ ಹೋಗುತ್ತದೆ ಎಂಬ ಭಯ. ಅಪ್ಪ ಅಮ್ಮ ಇಷ್ಟೆಲ್ಲ ಖರ್ಚು ಮಾಡಿದ್ದಾರೆ ಅನ್ನುವ ಸಂಕಟ ಬೇರೆ. 'ಆಟ ಹೋದರೂ ಪರವಾಗಿಲ್ಲ, ನೀನು ನನಗೆ ಏನು ಬೇಕಾದರೂ ಹೇಳಬಹುದು' ಅಂತ ಮಗಳಿಗೆ ಇವತ್ತೇ ಹೇಳಿ.

ಅವಳು ಎಂದಾದರೂ ಏನಾದರೂ ಹೇಳಿದರೆ ನಂಬಿ. ಕೆದಕಿ ಕೆದಕಿ ಕೇಳಬೇಡಿ. ಕೋಚ್ ಜೊತೆ ಜಗಳಕ್ಕೂ ಹೋಗಬೇಡಿ, ಸಾಕ್ಷ್ಯ ಅಳಿಸಿಹಾಕಲು ಅವರಿಗೆ ಸಮಯ ಕೊಟ್ಟಂತಾಗುತ್ತದೆ. ಕ್ಲಬ್‌ನವರು 'ನಾವೇ ನೋಡಿಕೊಳ್ಳುತ್ತೇವೆ' ಅಂದರೂ ಕಾಯದೆ, ನೇರವಾಗಿ ಪೊಲೀಸರಿಗೆ ದೂರು ಕೊಡಿ.